ಕೈ ಎತ್ತಿದವಳು

ಪ್ರತಿ ಭಾನುವಾರ ಮಧ್ಯಾಹ್ನ ಹನೂರಿನ ನಮ್ಮ ಮನೆಯಿಂದಲೇ, ಅರಿಶಿನ ಬೆಳೆಯುವ ಹೆಂಗಸರಿಗಾಗಿ ನಾನು ಫೋನಿನಲ್ಲಿ ಲೈವ್ ಚರ್ಚೆ ನಡೆಸುತ್ತಿದ್ದೆ. ಅದರಲ್ಲಿ ಮುಖ ಕಾಣುವುದಿಲ್ಲ, ದನಿ ಮಾತ್ರ. ಮಾತಾಡಬೇಕೆನ್ನುವವರು ಪರದೆಯ ಮೇಲಿನ ಕೈ ಗುರುತು ಒತ್ತಿದರೆ ನಾನು ಮೈಕ್ ಕೊಡುತ್ತಿದ್ದೆ.

ಆ ದಿನ ಮಾರ್ಟಳ್ಳಿಯ ಪುಟ್ಟಬಸಮ್ಮನಿಗೆ ಮೈಕ್ ಕೊಟ್ಟೆ. ಆಕೆ ಅರಿಶಿನದ ಮಾತೇ ಎತ್ತಲಿಲ್ಲ.

“ಭವ್ಯಾ, ನಿನ್ ಬೆನ್ನಿಂದೆ ನಿಂತಿರೋಳ್ಗೂ ಮಾತಾಡಕ್ಕೆ ಬುಡವ್ವ. ಆಗ್ಲಿಂದ ಕೈ ಎತ್ಕಂಡವ್ಳೆ.”

“ಇಲ್ಲಿ ನಾನೊಬ್ಳೇ ಇರೋದು ಕಣಮ್ಮ,” ಎಂದೆ. ಆ ಬಿಸಿಲಿನಲ್ಲೂ ನನ್ನ ಕತ್ತಿನ ಹಿಂಭಾಗ ತಣ್ಣಗಾಯಿತು. ತಿರುಗಿ ನೋಡಿದರೆ ಯಾರೂ ಇಲ್ಲ. ಒದ್ದೆ ಕೂದಲಿನ ವಾಸನೆ ಮಾತ್ರ. ತಕ್ಷಣ ಚರ್ಚೆ ಮುಗಿಸಿದೆ.

ಕೇಳುತ್ತಿದ್ದ ಮೂವತ್ತೆಂಟು ಜನರೂ ಇಂದಿಗೂ ಒಂದೇ ಮಾತು ಹೇಳುತ್ತಾರೆ: ನಾನು ಚರ್ಚೆ ಮುಗಿಸಿದ ಮೇಲೂ ನನ್ನ ಫೋನಿನಿಂದ ಇನ್ನೊಬ್ಬ ಹೆಂಗಸು ನಾಲ್ಕು ನಿಮಿಷ ಮಾತಾಡಿದಳಂತೆ. ಏನು ಹೇಳಿದಳೆಂದು ಕೇಳಿದರೆ ಒಬ್ಬರೂ ಬಾಯಿ ಬಿಡುವುದಿಲ್ಲ.