ಮೊದಲ ವಾಕ್ಯವೇ ತಿರುಳಲ್ಲ

ಶಾಲೆಗಿದ್ದ ಒಂದೇ ಒಂದು ಸೂಕ್ಷ್ಮದರ್ಶಕ ವಿಜ್ಞಾನದ ಕೋಣೆಯಲ್ಲಿ ನೆಲಕ್ಕೆ ಬಿದ್ದು ಒಡೆದಿತ್ತು. ಒಡೆದವಳು ಎನಿಸಿಕೊಂಡ ಏಳನೇ ತರಗತಿಯ ಹುಡುಗಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಳು. ಯಾರೇನು ಹೇಳಿದರೂ ತಿರುಗಿ ಕೇಳುವ ಅವಳಿಗೆ ಮೇಷ್ಟ್ರುಗಳಿಟ್ಟ ಹೆಸರು 'ಎದುರುತ್ತರ'.

"ನಾನು ಒಡೆದಿಲ್ಲ ಟೀಚರ್. ನಾಳೆ ಎಲ್ಲರ ಮುಂದೆ ಕ್ಷಮೆ ಕೇಳದಿದ್ರೆ ಟಿ.ಸಿ. ಕೊಡ್ತಾರಂತೆ. ಕೊಡ್ಲಿ. ನಾನು ಕೇಳಲ್ಲ."

ಅವಳು ಬಂದದ್ದು ಭಾಷೆಯ ಟೀಚರ ಹತ್ತಿರ. ಯಾವ ಪಾಠ ಓದಿಸಿದರೂ "ಇದರ ತಿರುಳೇನು?" ಎಂದು ಪ್ರಾಣ ತಿನ್ನುವ ಅವರನ್ನು ಮಕ್ಕಳು ಬೆನ್ನ ಹಿಂದೆ ತಿರುಳಮ್ಮ ಎನ್ನುತ್ತಿದ್ದರು. ಶಾಲೆಯಲ್ಲಿ ಏನು ಕಳೆದರೂ ಪತ್ತೆ ಹಚ್ಚುವವರು ಅವರೇ. ಅವರ ಬಾಲದಂತೆ ಓಡಾಡುತ್ತಿದ್ದ ಡ್ರಾಯಿಂಗ್ ಮೇಷ್ಟ್ರಿಗೆ ಹುಡುಗಿಯ ಮಾತು ಕೇಳಿ ಸಂಕಟವಾಯಿತು. ಟಿ.ಸಿ. ಕೊಟ್ಟರೆ ಅವಳು ಹೋಗಲು ಹತ್ತಿರದಲ್ಲಿ ಬೇರೆ ಶಾಲೆ ಇರಲಿಲ್ಲ.

ಹುಡುಗಿ ಊಟದ ಬಿಡುವಿನಲ್ಲಿ ವಿಜ್ಞಾನದ ಕೋಣೆಯಲ್ಲಿ ಓದುತ್ತಿದ್ದಳಂತೆ. ಹಾಳೆ ತಾನಾಗಿ ಮಗುಚುತ್ತಿತ್ತೆಂದು ಅದರ ಮೇಲೆ ಡಸ್ಟರ್ ಇಟ್ಟು ನೀರು ಕುಡಿಯಲು ಹೋದಳಂತೆ. ಮರಳಿ ಬಂದಾಗ ಸೂಕ್ಷ್ಮದರ್ಶಕ ನೆಲದಲ್ಲಿತ್ತು, ವಿಜ್ಞಾನದ ಮೇಷ್ಟ್ರು ಕೂಗಾಡುತ್ತಿದ್ದರು. ತಿರುಳಮ್ಮ ಪುಸ್ತಕ ತೆರೆಸಿ ನೋಡಿದರು. ಹಾಳೆಯ ಮೇಲೆ ಡಸ್ಟರಿನ ಅಗಲಕ್ಕೆ ಸೀಮೆಸುಣ್ಣದ ಪುಡಿ ಮೆತ್ತಿತ್ತು.

ತಿರುಳಮ್ಮ, ಡ್ರಾಯಿಂಗ್ ಮೇಷ್ಟ್ರು ಇಬ್ಬರೂ ಆ ಕೋಣೆಗೆ ಹೋದರು. ಅಲ್ಲಿ ಫ್ಯಾನ್ ಇರಲಿಲ್ಲ. ಒಳಕ್ಕೆ ತೆರೆಯುವ ಕಿಟಕಿಗೆ ಚಿಲಕ ಹಾಕಿತ್ತು, ಅದರ ಕೆಳಗೇ ಸೂಕ್ಷ್ಮದರ್ಶಕದ ಮೇಜು. ಕಿಟಕಿಯ ಬಾಗಿಲಿನ ಅಂಚಿಗೆ ಅಂಟಿದ್ದ ಕಪ್ಪು ಬಣ್ಣವನ್ನು ಕಂಡುಹಿಡಿದದ್ದು ಡ್ರಾಯಿಂಗ್ ಮೇಷ್ಟ್ರು. ಅದರ ಅರ್ಥ ಮಾತ್ರ ಅವರಿಗೆ ಹೊಳೆಯಲಿಲ್ಲ.

ಮರುದಿನ ಏಳನೇ ತರಗತಿಯ ಹಿಂದಿನ ಬೆಂಚಿನಲ್ಲಿ ಹೆಡ್ ಮೇಷ್ಟ್ರನ್ನೂ ವಿಜ್ಞಾನದ ಮೇಷ್ಟ್ರನ್ನೂ ಕೂರಿಸಿ, ವಿಜ್ಞಾನದ ಮೇಷ್ಟ್ರು ಕೊಟ್ಟಿದ್ದ ಹೇಳಿಕೆಯನ್ನು ತಿರುಳಮ್ಮ ಬೋರ್ಡಿನ ಮೇಲೆ ಬರೆದರು.

'ಹುಡುಗಿ ಒಬ್ಬಳೇ ಕೋಣೆಯಲ್ಲಿದ್ದಳು. ಕಿಟಕಿ ಮುಚ್ಚಿತ್ತು. ಬೆಳಗ್ಗೆ ನಾನೇ ಚಿಲಕ ಹಾಕಿದ್ದೆ. ಒಳಗೆ ಗಾಳಿ ಬರಲು ಸಾಧ್ಯವೇ ಇರಲಿಲ್ಲ. ಪರದೆ ಕೂಡ ಅಲುಗಾಡಿರಲಿಲ್ಲ.'

"ಮೊದಲನೇ ವಾಕ್ಯದಲ್ಲೇ ಎಲ್ಲ ಬಂತಲ್ಲ," ಎಂದರು ಹೆಡ್ ಮೇಷ್ಟ್ರು. ಅವರೂ ಒಂದು ಕಾಲಕ್ಕೆ ಭಾಷೆ ಕಲಿಸಿದವರೇ; ಮೊದಲ ವಾಕ್ಯವೇ ತಿರುಳು ಎಂಬ ಒಂದೇ ಸೂತ್ರದಲ್ಲಿ ಎಷ್ಟೋ ಮಕ್ಕಳನ್ನು ಪಾಸು ಮಾಡಿಸಿದ್ದರು.

ತಿರುಳಮ್ಮ ಆ ವಾಕ್ಯವನ್ನು ಒರೆಸಿಬಿಟ್ಟರು. ಉಳಿದದ್ದೆಲ್ಲ ಯಾವುದರ ಬಗ್ಗೆ ಎಂದು ಕೇಳಿದಾಗ ಇಡೀ ತರಗತಿ "ಕಿಟಕಿ" ಎಂದಿತು.

"ಕಿಟಕಿ ವಿಷಯ ಯಾರೂ ಕೇಳಿರಲಿಲ್ಲ ಸರ್," ಎಂದರು ತಿರುಳಮ್ಮ. "ಒಡೆದದ್ದು ಹೇಗೆ ಅಂತ ಕೇಳಿದ್ರೆ, ಕಿಟಕಿ ಮುಚ್ಚಿತ್ತು ಅಂತ ನಾಲ್ಕು ಸಲ ಹೇಳಿದ್ದಾರೆ. ಇಡೀ ಹೇಳಿಕೆಯ ತಿರುಳು ಹುಡುಗಿ ಅಲ್ಲ, ಚಿಲಕ."

ಮುಂದಿನದನ್ನು ಅವರು ಬಿಡಿಸಿ ಹೇಳಿದರು. ಹುಡುಗಿಯ ಪುಸ್ತಕದ ಹಾಳೆ ಮಗುಚುತ್ತಿದ್ದುದಕ್ಕೆ ಅದರ ಮೇಲಿನ ಡಸ್ಟರಿನ ಗುರುತೇ ಸಾಕ್ಷಿ. ಫ್ಯಾನಿಲ್ಲದ ಕೋಣೆಯಲ್ಲಿ ಹಾಳೆ ಮಗುಚಬೇಕಾದರೆ ಕಿಟಕಿ ತೆರೆದಿರಬೇಕು. ಹುಡುಗಿ ಹೊರಗೆ ಹೋದಾಗ ಗಾಳಿ ಜೋರಾಗಿ ಬೀಸಿ, ಕಿಟಕಿಯ ಬಾಗಿಲು ಬಡಿದು ಸೂಕ್ಷ್ಮದರ್ಶಕವನ್ನು ಕೆಡವಿತ್ತು. ಅಂಚಿನಲ್ಲಿದ್ದ ಕಪ್ಪು ಬಣ್ಣ ಸೂಕ್ಷ್ಮದರ್ಶಕದ್ದೇ. ಆಮೇಲೆ ಯಾರೋ ಚಿಲಕ ಹಾಕಿದ್ದರು. ಹುಡುಗಿ ಮರಳಿ ಬರುವ ಮೊದಲು ಅಲ್ಲಿದ್ದವರು ಒಬ್ಬರೇ.

ವಿಜ್ಞಾನದ ಮೇಷ್ಟ್ರು ತಲೆ ತಗ್ಗಿಸಿದರು. "ಬೆಳಗ್ಗೆ ಚಿಲಕ ಹಾಕೋದು ಮರೆತಿದ್ದೆ. ಕೆಲಸಕ್ಕೆ ಕುತ್ತು ಬರುತ್ತೆ ಅಂತ ಹೆದರಿದೆ."

ಹೆಡ್ ಮೇಷ್ಟ್ರು ಹುಡುಗಿಯತ್ತ ತಿರುಗಿದರು. ಆದದ್ದು ಆಯಿತು, ದೊಡ್ಡವರಿಗೆ ಎದುರು ಮಾತಾಡಿದ್ದಕ್ಕಾದರೂ ಒಂದು ಕ್ಷಮೆ ಕೇಳಿಬಿಡು, ಮುಗಿಸೋಣ ಎಂದು ಹುಡುಗಿಗೆ ಹೇಳಿದರು.

ಎದುರುತ್ತರ ಎದ್ದು ನಿಂತಳು.

"ನೀವು ಮೇಷ್ಟ್ರನ್ನ ಕೇಳಿದ್ರಿ. ಟಿ.ಸಿ. ಕೊಡ್ತೀನಿ ಅಂದ್ರಿ. ಏನಾಯ್ತು ಅಂತ ನನ್ನನ್ನ ಮಾತ್ರ ಕೇಳ್ಲಿಲ್ಲ. ಇದರ ತಿರುಳು ಹೇಳ್ಲಾ ಸರ್? ಕ್ಷಮೆ ಕೇಳ್ಬೇಕಾದವಳು ನಾನಲ್ಲ."

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಡ್ರಾಯಿಂಗ್ ಮೇಷ್ಟ್ರಿಗೆ ಚಪ್ಪಾಳೆ ತಟ್ಟಬೇಕು ಎನಿಸಿತು. ಕೈ ಕಟ್ಟಿಕೊಂಡು ತಡೆದುಕೊಂಡರು. ಹೆಡ್ ಮೇಷ್ಟ್ರು ಆಸರೆಗೆಂಬಂತೆ ತಿರುಳಮ್ಮನ ಮುಖ ನೋಡಿದರು.

"ಉತ್ತರ ಸರಿಯಾಗಿದೆ ಸರ್," ಎಂದರು ತಿರುಳಮ್ಮ.

ಹೆಡ್ ಮೇಷ್ಟ್ರು ಹಿಂದಿನ ಬೆಂಚಿನಿಂದ ನಿಧಾನವಾಗಿ ಎದ್ದು ನಿಂತರು. ಹುಡುಗಿ ಕೂರಲಿಲ್ಲ, ಅವರು ಕ್ಷಮೆ ಕೇಳಿ ಮುಗಿಸುವವರೆಗೂ ಕಾದಳು.