ಹೋಳಿಗೆ ಕಳಿಸಿದ ಡಬರಿ

೨೦೦೫ರ ಫೆಬ್ರವರಿ ೧೪, ಸೋಮವಾರ. ಬೆಳಿಗ್ಗೆ ಒಂಬತ್ತೂವರೆಗೆ ಡಾ. ಅಪೇಕ್ಷಾ ಠಾಣೆಗೆ ಬಂದು ದೂರು ಕೊಟ್ಟಳು. ದುಬೈನ ಅಲ್ ಕುಸೈಸ್‌ನಲ್ಲಿ ಮನೆ, ಖಾಸಗಿ ಕಾಲೇಜಿನಲ್ಲಿ ಪಾಠ. ಮನೆಕೆಲಸದ ಬಸವ್ವ, ಗದಗ ಕಡೆಯವಳು, ವಿಧವೆ, ಹಿಂದಿನ ದಿನ ಓಡಿಹೋಗಿದ್ದಾಳೆ. ಎರಡು ಚಿನ್ನದ ಬಳೆ ಕಾಣೆಯಾಗಿವೆ.

ಲೆಫ್ಟಿನೆಂಟ್ ಖಲ್ಫಾನ್ ಬರೆದುಕೊಂಡ. ಊರಿನಲ್ಲಾದರೆ ಇದನ್ನು ಎಫ್‌ಐಆರ್ ಎನ್ನುತ್ತಾರೆ. ಇಲ್ಲಿ ಹೆಸರು ಬೇರೆ, ಮುದ್ರೆ ಬೇರೆ. ಒಮ್ಮೆ ಬರೆದದ್ದನ್ನು ಅಳಿಸಲಾಗದು ಎಂಬುದು ಎರಡು ಕಡೆಯೂ ಒಂದೇ. ಅವನ ಅರಬಿಯನ್ನು ಠಾಣೆಯ ದುಭಾಷಿ ಹಲೀಮ ಕನ್ನಡಕ್ಕೆ ತಿರುಗಿಸುತ್ತಿದ್ದಳು. ಹಲೀಮ ಬಂಟ್ವಾಳದವಳು.

“ಅವಳ ಪಾಸ್‌ಪೋರ್ಟ್?”

“ನನ್ನ ಬೀರುವಿನಲ್ಲೇ ಇದೆ. ಎಲ್ಲರೂ ಹಾಗೇ ಇಟ್ಕೊಳ್ತಾರಲ್ವಾ.”

“ಜಗಳವಾಗಿತ್ತೇ?”

“ಇಲ್ಲ. ಮಗಳ ಚೊಚ್ಚಲ ಹೆರಿಗೆ, ಬಾಣಂತನಕ್ಕೆ ಊರಿಗೆ ಹೋಗ್ಬೇಕು ಅಂತಿದ್ದಳು. ಕಳಿಸ್ತೀನಿ ಅಂದಿದ್ದೆ.”

“ಬಳೆ ಬಿಟ್ಟು ಬೇರೇನಾದರೂ ಹೋಗಿದೆಯೇ?”

“ಇಲ್ಲ. ಒಂದು ಚಮಚ ಕೂಡ ಹೋಗಿಲ್ಲ.”

ಏಳುವಾಗ ಅವಳು ಮೇಜಿನ ಮೇಲೆ ಒಂದು ಆಮಂತ್ರಣ ಇಟ್ಟಳು. “ಶುಕ್ರವಾರ ಊದ್ ಮೇಥಾದಲ್ಲಿ ನನಗೆ ಸನ್ಮಾನ. ಕೆರಿಬಿಯನ್ ಅಧ್ಯಯನ ಮತ್ತು ಸಾಮಾಜಿಕ ನ್ಯಾಯಕ್ಕೆ ಕೊಡೋ ಪ್ರಶಸ್ತಿ. ಅಷ್ಟರೊಳಗೆ ಇದು ಮುಗಿದರೆ ಒಳ್ಳೇದು.”

“ಕೆರಿಬಿಯನ್ ಎಂದರೆ?” ಖಲ್ಫಾನ್ ಕೇಳಿದ.

“ಕ್ರಿಕೆಟ್ ಆಡ್ತಾರಲ್ಲ ಸರ್, ವೆಸ್ಟ್ ಇಂಡೀಸ್,” ಎಂದಳು ಹಲೀಮ.

ಅಪೇಕ್ಷಾ ನಗಲಿಲ್ಲ. “ಅಲ್ಲಿಯ ಕಬ್ಬಿನ ತೋಟಗಳಿಗೆ ನಮ್ಮವರನ್ನ ಹಡಗಿನಲ್ಲಿ ಒಯ್ದು ದುಡಿಸಿದರು. ನಾನು ಬರೆದಿರೋದು ಅದರ ಬಗ್ಗೆ. ಇವತ್ತಿನ ಮನೆಕೆಲಸದವರ ಬಗ್ಗೆ ಕೂಡ.”

ಬುಧವಾರ ಅವಳೇ ಫೋನ್ ಮಾಡಿದಳು. ಬಸವ್ವನನ್ನು ಅಬುಧಾಬಿಯ ಖಾಲಿದಿಯಾದಲ್ಲಿ ಯಾರೋ ನೋಡಿದ್ದಾರೆ. ಕಟ್ಟಡದ ಹೆಸರನ್ನೂ ಹೇಳಿದಳು. ನೋಡಿದವರ ಹೆಸರು ಹೇಳಲಿಲ್ಲ.

ಅಬುಧಾಬಿ ಪೊಲೀಸರ ಅನುಮತಿ ಪಡೆದು ಖಲ್ಫಾನ್, ಹಲೀಮ, ಕಾರ್ಪೊರಲ್ ದಾದ್ ಕರೀಮ್ ಮಧ್ಯಾಹ್ನ ಅಲ್ಲಿಗೆ ಹೋದರು. ಬಾಗಿಲು ತೆರೆದವಳು ಸ್ಪಂದನಾ, ಆ ಮನೆಯ ಯಜಮಾನಿ. ಬಸವ್ವ ನೆಲ ಒರೆಸುತ್ತಿದ್ದಳು. ಸಮವಸ್ತ್ರ ನೋಡಿ ಎದ್ದು ನಿಂತು ಸೆರಗಿಗೆ ಕೈ ಒರೆಸಿಕೊಂಡಳು.

“ನನ್ನ ಟಿಕೀಟ ಆತೇನ್ರಿ?”

ಹಲೀಮ ಅವಳ ಹತ್ತಿರ ಹೋದಳು. “ಬಳೆ ಎಲ್ಲಿ ಉಂಟು?” ಎಂದು ಕೇಳಿದಳು.

“ಅದಾವ್ರಿ, ಚೀಲದಾಗ ಅದಾವ.” ಬಸವ್ವ ತಾನೇ ಹೋಗಿ ತಂದಳು. ಹೊಸ ಕುಪ್ಪಸದ ಬಟ್ಟೆಯಲ್ಲಿ ಸುತ್ತಿಟ್ಟಿದ್ದಳು. “ನಮ್ಮ ಅಪೇಕ್ಷಾ ಅಕ್ಕಾರು ಕೊಟ್ಟಾರ. ನಿನ್ನ ಮಗಳು ಪ್ರತೀಕ್ಷಾನ ಕೈಗೆ ಹಾಕು ಅಂದ್ರು. ಒಂದ ವಾರ ಇಲ್ಲಿ ಇರು, ಇಲ್ಲಿಂದನ ಇಮಾನಕ್ಕ ಕಳಸ್ತೀನಿ ಅಂದ್ರು. ನೋಡ್ರಿ, ಹೆಂಗ ಹೊಳಿತಾವ. ನಮ್ಮ ಮನಿತನದಾಗ ಇಂಥಾವು ಯಾರೂ ಇಟ್ಟಿಲ್ಲ.”

ಹಲೀಮ ಅದನ್ನು ಖಲ್ಫಾನ್‌ಗೆ ಅನುವಾದಿಸಿದಳು.

“ಅಪೇಕ್ಷಾನೇ ಕಳಿಸಿದ್ದು ಸರ್,” ಎಂದಳು ಸ್ಪಂದನಾ. “ನಮ್ಮನೇಲಿ ಪೂಜೆ ಇತ್ತು. ಒಂದು ವಾರ ಇಟ್ಕೋ ಅಂದಳು.”

“ಓಡಿಬಂದವರನ್ನು ಇಟ್ಟುಕೊಂಡವರೆಲ್ಲ ಹೀಗೇ ಹೇಳುತ್ತಾರೆ,” ಎಂದ ಖಲ್ಫಾನ್.

ಸ್ಪಂದನಾ ಎಲ್ಲರಿಗೂ ಕೇಳುವಂತೆ ಅಪೇಕ್ಷಾಳಿಗೆ ಫೋನ್ ಮಾಡಿದಳು. “ಏ, ಪೊಲೀಸರು ಬಂದಿದ್ದಾರೆ ಕಣೇ. ನೀನೇ ಕಳಿಸಿದ್ದು ಅಂತ ಒಂದು ಮಾತು ಹೇಳು.”

“ನಾನು ಕಳಿಸಿದೆನಾ?” ಅಪೇಕ್ಷಾಳ ದನಿ ಶಾಂತವಾಗಿತ್ತು. “ಬಸವ್ವನ್ನ ನೀನು ಇಟ್ಕೊಂಡಿದ್ದೀಯಾ ಸ್ಪಂದನಾ? ನಿನ್ನ ಹತ್ರ ಇಂಥದ್ದು ನಿರೀಕ್ಷಿಸಿರಲಿಲ್ಲ. ಒಪ್ಪಿಸಿಬಿಡು ಅವರಿಗೆ.”

ಫೋನ್ ಕಟ್ಟಾಯಿತು. ಸ್ಪಂದನಾ ಸೋಫಾದ ತುದಿಯಲ್ಲಿ ಕುಳಿತಳು.

ಬಸವ್ವ ಒಬ್ಬೊಬ್ಬರ ಮುಖ ನೋಡಿದಳು. ಆಮೇಲೆ ಅಡುಗೆಮನೆಯ ಕಡೆ ಬೆರಳು ಮಾಡಿದಳು. “ಹಂಗಾದ್ರ ಆ ಡಬರಿ? ತುಂಬ ಹೋಳಿಗಿ ಇಟ್ಟು ಕಳಿಸಿದ್ರಲ್ರಿ ಅಕ್ಕಾರು. ಟ್ಯಾಕ್ಸಿನ್ಯಾಗ ತೊಡಿಮ್ಯಾಲ ಇಟ್ಕೊಂಡು ಬಂದೀನಿ.”

ಕಪಾಟಿನ ಮೇಲೆ ಸ್ಟೀಲ್ ಡಬರಿ ಇತ್ತು. ಖಾಲಿ ಪಾತ್ರೆ ಹಿಂದಿರುಗಿಸಬಾರದೆಂದು ಸ್ಪಂದನಾ ಅದರಲ್ಲಿ ತುಂಬಲು ಚಕ್ಕುಲಿ ಮಾಡಿಸುವವಳಿದ್ದಳು. ಹಲೀಮ ಅದನ್ನು ಬೆಳಕಿಗೆ ಹಿಡಿದಳು. ಅಂಚಿನಲ್ಲಿ ಕೊರೆದಿತ್ತು: ‘ಚಿ. ಸೌ. ಅಪೇಕ್ಷಾಗೆ — ಅಂಬುಜಮ್ಮ, ಮೈಸೂರು.’

“ಅವಳ ಮದುವೆಯಲ್ಲಿ ತಾಯಿ ಕೊಟ್ಟದ್ದು ಸರ್,” ಎಂದಳು ಸ್ಪಂದನಾ. “ನಮ್ಮ ಕಡೆ ಪಾತ್ರೆಗೆ ಹೆಸರು ಹಾಕಿಸ್ತಾರೆ.”

“ಒಂದು ಚಮಚ ಕೂಡ ಹೋಗಿಲ್ಲ ಎಂದಿದ್ದಳು,” ಎಂದ ಖಲ್ಫಾನ್.

ಪಂಚನಾಮೆಯಲ್ಲಿ ಬಳೆಗಳ ಕೆಳಗೆ ಡಬರಿಯನ್ನೂ ಬರೆಯಲಾಯಿತು. ಆದರೆ ದಾಖಲೆಯಲ್ಲಿ ಬಸವ್ವ ಓಡಿಹೋದವಳು. ಸಿಕ್ಕಿದ್ದು ಬೇರೆಯವರ ಮನೆಯಲ್ಲಿ, ಬಳೆಯ ಸಮೇತ. ದಾದ್ ಕರೀಮ್ ಕೋಳ ಹಾಕಿದ. ಬಸವ್ವನ ಕೈ ಒದ್ದೆಯಾಗಿತ್ತು.

ದುಬೈ ರಸ್ತೆಯಲ್ಲಿ ವಿಮಾನದ ಚಿತ್ರವಿದ್ದ ಫಲಕ ಬಂತು. ಓದು ಬಾರದಿದ್ದರೂ ಬಸವ್ವನಿಗೆ ಅದು ತಿಳಿಯಿತು. ಅವಳು ಮುಂದಕ್ಕೆ ಬಾಗಿದಳು. ಜೀಪು ತಿರುಗಲಿಲ್ಲ.

ಶುಕ್ರವಾರ ಸಂಜೆ ಖಲ್ಫಾನ್ ಮತ್ತು ಹಲೀಮ ಊದ್ ಮೇಥಾದ ಸಭಾಂಗಣದ ಕೊನೆಯ ಸಾಲಿನಲ್ಲಿ ಕುಳಿತರು. ಡಬರಿಯ ಬಗ್ಗೆ ಒಂದು ಪ್ರಶ್ನೆ ಕೇಳುವುದಿತ್ತು, ಅಷ್ಟೆ. ಆ ಹೆಂಗಸು ಹೀಗೇಕೆ ಮಾಡಿಯಾಳು ಎಂಬುದು ಖಲ್ಫಾನ್‌ಗೆ ಹೊಳೆದಿರಲಿಲ್ಲ.

ವೇದಿಕೆಯ ಮೇಲೆ ಶಾಲು, ಹಣ್ಣಿನ ಬುಟ್ಟಿ, ಮೈಸೂರು ಪೇಟ. ಪೇಟ ಅಪೇಕ್ಷಾಳ ಹುಬ್ಬಿನ ತನಕ ಜಾರಿತು.

“ಪೇಟ ದೊಡ್ಡದಾಯ್ತು ಮೇಡಂ,” ಎಂದರು ಸಂಘದ ಕಾರ್ಯದರ್ಶಿ.

“ಇನ್ನೆರಡು ಪ್ರಶಸ್ತಿ ಬರಲಿ, ಸರಿಹೋಗತ್ತೆ,” ಎಂದು ಮುಂದಿನ ಸಾಲಿನಿಂದ ಯಾರೋ ಕೂಗಿದರು. ಸಭೆ ನಕ್ಕಿತು.

ಆಯ್ಕೆ ಸಮಿತಿಯ ಅಧ್ಯಕ್ಷ ಪ್ರೊಫೆಸರ್ ಕ್ಯಾಮಿಲಸ್ ಕೆರಿಬಿಯನ್ ದ್ವೀಪಗಳಿಂದಲೇ ಬಂದಿದ್ದರು. ಪ್ರಬಂಧದ ಕೊನೆಯ ಅಧ್ಯಾಯ ಸಮಿತಿಯ ಕಣ್ಣು ತೆರೆಸಿತು ಎಂದರು. ಅದರಲ್ಲಿ ಮನೆಕೆಲಸದ ಹೆಂಗಸೊಬ್ಬಳು ತನ್ನ ಕತೆ ಹೇಳುತ್ತಾಳೆ. ಲೇಖಕಿ ಅವಳ ಪಾಸ್‌ಪೋರ್ಟ್ ಕೊಡಿಸಿ ಊರಿಗೆ ಕಳಿಸುತ್ತಾಳೆ. “ಆ ತಾಯಿಯನ್ನು ನೋಡಬೇಕೆಂದು ಬರೆದಿದ್ದೆ. ಹೊರಟುಹೋದರಂತೆ. ನನ್ನ ದುರದೃಷ್ಟ.”

ಅಪೇಕ್ಷಾ ಕನ್ನಡದಲ್ಲಿ ಮಾತಾಡಿದಳು. ಹಲೀಮ ಖಲ್ಫಾನ್‌ನ ಕಿವಿಯಲ್ಲಿ ಅರಬಿಗೆ ತಿರುಗಿಸುತ್ತ ಹೋದಳು.

“ಡೆಮೆರಾರಾದ ಕಬ್ಬಿನ ತೋಟಗಳಲ್ಲಿ ಪಾಸಿಲ್ಲದೆ ತೋಟದ ಗಡಿ ದಾಟಿದರೆ ಜೈಲು. ಒಬ್ಬ ಮೇನೇಜರನ ವಿರುದ್ಧ ಒಬ್ಬ ಕೂಲಿ ಹೆಂಗಸು ಸಾಕ್ಷಿ ಹೇಳುವುದಿತ್ತು. ಅವನು ಹೊಡೆಯಲಿಲ್ಲ, ಬಯ್ಯಲಿಲ್ಲ. ಕೈಯಲ್ಲೊಂದು ಉಡುಗೊರೆ ಕೊಟ್ಟು, ಪಕ್ಕದ ತೋಟಕ್ಕೆ ಕೊಟ್ಟು ಬಾ ಎಂದು ಕಳಿಸಿದ. ಅವಳು ಗಡಿ ದಾಟಿದ ಮೇಲೆ ಪೊಲೀಸರಿಗೆ ದೂರು ಕೊಟ್ಟ. ಸಂಜೆಯೊಳಗೆ ಅವಳು ಓಡಿಹೋದವಳು, ಕಳ್ಳಿ. ಅವಳ ಸಾಕ್ಷ್ಯಕ್ಕೆ ಬೆಲೆಯೇ ಉಳಿಯಲಿಲ್ಲ. ಅಧಿಕಾರಕ್ಕೆ ಚಾವಟಿ ಬೇಕಿಲ್ಲ, ಸ್ನೇಹಿತರೇ. ಒಂದು ಗಡಿ ಸಾಕು.”

ಚಪ್ಪಾಳೆ ಬಹಳ ಹೊತ್ತು ಇತ್ತು. ಹಲೀಮ ಖಲ್ಫಾನ್ ಕಡೆ ತಿರುಗಿದಳು.

“ಖಲಾಸ್, ಇಷ್ಟು ಸಾಕು,” ಎಂದು ಖಲ್ಫಾನ್ ಎದ್ದ.

ವೇದಿಕೆಯ ಪಕ್ಕದ ಮೆಟ್ಟಿಲ ಬಳಿ ಹಲೀಮ ಕೇಳಿದಳು. “ನಿಮ್ಮ ತಾಯಿ ಕೊಟ್ಟ ಡಬರಿ ಈಗ ಎಲ್ಲಿದೆ ಮೇಡಂ?”

ಅಪೇಕ್ಷಾ ಅವಳನ್ನೇ ನೋಡಿದಳು. ಪೇಟ ತೆಗೆದು ಕುರ್ಚಿಯ ಮೇಲಿಟ್ಟಳು. “ಫೋಟೋ ಮುಗಿಯೋ ತನಕ ಕಾಯ್ತೀರಾ?”

ಖಲ್ಫಾನ್ ಕಾಯಲಿಲ್ಲ. ಏಳೂ ನಲವತ್ತಕ್ಕೆ ಬಂಧನ ದಾಖಲಾಯಿತು. ಆರೋಪ: ಸುಳ್ಳು ದೂರು, ತನ್ನ ಕೆಲಸದವಳನ್ನು ಕಾನೂನು ಮೀರಿ ಬೇರೆ ಮನೆಗೆ ಕಳಿಸಿದ್ದು.

“ಬಳೆ ನೀವೇ ಕೊಟ್ಟದ್ದೇ?” ಠಾಣೆಯಲ್ಲಿ ಖಲ್ಫಾನ್ ಕೇಳಿದ.

“ಹೌದು.”

“ಪ್ರೊಫೆಸರಿಗೆ ಅವಳನ್ನು ತೋರಿಸಲು ಭಯವೇ?”

“ಪಾಸ್‌ಪೋರ್ಟ್ ಕೊಡಲಿಲ್ಲ ಅಂತ ಹೇಳಿಬಿಡ್ತಿದ್ದಳು. ಅವಳಿಗೆ ಸುಳ್ಳು ಬರಲ್ಲ.”

“ಟಿಕೆಟ್ ಕೊಟ್ಟು ಊರಿಗೆ ಕಳಿಸಬಹುದಿತ್ತು. ಅವಳು ಕೇಳಿದ್ದೂ ಅದನ್ನೇ.”

“ಊರಿಗೂ ಫೋನ್ ಹೋಗುತ್ತೆ. ಊರಿಂದ ಮಾತಾಡಿದರೆ ನಂಬ್ತಾರೆ. ಓಡಿಹೋದ ಕಳ್ಳಿ ಮಾತಾಡಿದರೆ ಯಾರು ನಂಬ್ತಾರೆ?” ಶಾಲು ಮಡಿಸುತ್ತ ಹೇಳಿದಳು. “ಪ್ರಬಂಧದ ಆ ಕೊನೆ ಚೆನ್ನಾಗಿತ್ತು. ಎಲ್ಲರಿಗೂ ಹಿಡಿಸಿತ್ತು. ಅದನ್ನ ಕೆಡಿಸೋಕೆ ನನಗೆ ಆಗಲಿಲ್ಲ.”

ಬೇರೆ ಕಾರಣವನ್ನು ಅವಳು ಆಗಲೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.

ಮರುದಿನ ಗಂಡ ನಿರಂಜನ ತನ್ನ ಪಾಸ್‌ಪೋರ್ಟ್ ಒಪ್ಪಿಸಿ ಅವಳನ್ನು ಜಾಮೀನಿನ ಮೇಲೆ ಮನೆಗೆ ಕರೆದೊಯ್ದ. ಸಂಶೋಧನೆಯಲ್ಲಿ ಐತಿಹಾಸಿಕ ದೋಷವೇನೂ ಇಲ್ಲವೆಂದು ಪ್ರಶಸ್ತಿ ಸಮಿತಿ ತಿಳಿಸಿತು.

ಬಸವ್ವನ ಮೇಲಿನ ದೂರು ರದ್ದಾಯಿತು. ಈಗ ಅವಳು ಸಾಕ್ಷಿ. ಸಾಕ್ಷಿಯನ್ನು ಇರಿಸಲು ಬೇರೆ ಜಾಗವಿರಲಿಲ್ಲ. ಠಾಣೆಯಲ್ಲಿ ಅವಳನ್ನು ಕೂಡಿಹಾಕಿದ್ದ ಅದೇ ಕೋಣೆಯಲ್ಲಿ ಇರಿಸಿದರು, ಬೀಗ ಹಾಕಲಿಲ್ಲ. ಬಳೆ, ಡಬರಿ, ಅಪೇಕ್ಷಾಳ ಬೀರುವಿನಿಂದ ತಂದ ಪಾಸ್‌ಪೋರ್ಟ್, ಮೂರೂ ಪ್ರಕರಣದ ವಸ್ತುಗಳು. ವಿಚಾರಣೆಗೆ ಕೊಟ್ಟ ತಾರೀಕು ಏಪ್ರಿಲ್‌ನಲ್ಲಿತ್ತು. ಪ್ರತೀಕ್ಷಾಳಿಗೆ ದಿನ ತುಂಬುವುದು ಮಾರ್ಚಿಗೆ.

“ಅಲ್ಲೀತನಕ ನೀವು ದೇಶ ಬಿಡುವ ಹಾಗಿಲ್ಲ,” ಎಂದಳು ಹಲೀಮ. “ನಿಮ್ಮ ಪರವಾಗಿಯೇ ಕೇಸು ನಡೀತಾ ಉಂಟು.”

ಖಲ್ಫಾನ್ ಆ ವಸ್ತುಗಳನ್ನು ಒಂದೊಂದಾಗಿ ಠಾಣೆಯ ಕಪಾಟಿನೊಳಗೆ ಇಡುತ್ತಿದ್ದ. ಬಸವ್ವ ನೋಡುತ್ತ ನಿಂತಿದ್ದಳು.

“ನನ್ನ ಪಾಸಪೋರ್ಟ ಮೊದಲ ಅಕಿ ಕಪಾಟಿನ್ಯಾಗ ಇತ್ತು,” ಎಂದಳು. “ಈಗ ನಿಮ್ಮ ಕಪಾಟಿನ್ಯಾಗ. ಅಷ್ಟ ಹೌದಲ್ರಿ?”

ಹಲೀಮ ಅದನ್ನು ಅರಬಿಗೆ ತಿರುಗಿಸಿದಳು. ಖಲ್ಫಾನ್ ಕಪಾಟಿನ ಬಾಗಿಲು ಮುಚ್ಚಿ ಕೀಲಿ ತಿರುಗಿಸಿದ.