ಯೀಲಾನಳ ಕೈಗೆ ಹೊಂದುವ ಬ್ಯಾಟು

"ದುಡ್ಡಿನ ಯೋಚನೆ ಬೇಡಪ್ಪ. ಇರೋದ್ರಲ್ಲಿ ಎಲ್ಲಕ್ಕಿಂತ ಒಳ್ಳೇದು ತೆಗಿ," ಅಂದರು ಶಾವ್ ಸಾಹೇಬರು, ಕೈಗವಸು ಬಿಚ್ಚುತ್ತಾ. "ಯೀಲಾನ್‌ಗೆ."

ಆ ಹೆಸರು ಕಿವಿಗೆ ಬಿದ್ದದ್ದೇ ತಡ, ಹೈಬೋನ ಕೈಯಲ್ಲಿದ್ದ ಅಂಟಿನ ಬ್ರಷ್ಷು ನಿಂತಲ್ಲೇ ನಿಂತಿತು.

ತಲೆ ಎತ್ತಿದ. ಸಾಹೇಬರ ಹಿಂದೆ, ಮೆಟ್ಟಿಲ ಹತ್ತಿರ, ಗದ್ದದವರೆಗೆ ಮಫ್ಲರ್ ಸುತ್ತಿಕೊಂಡು ಯೀಲಾನ್ ನಿಂತಿದ್ದಳು. ಹೊರಗಿನ ಚಳಿಗೆ ಮೂಗಿನ ತುದಿ ಕೆಂಪಾಗಿತ್ತು. ಕಣ್ಣು ನೇರ ಅವನ ಮೇಲೇ ಇತ್ತು. ಏನಾದರೂ ಮಾಡು ಮಾರಾಯ ಅನ್ನುವ ನೋಟ. ಅಥವಾ ಹಾಗಂತ ಅವನಿಗೆ ಅನ್ನಿಸಿತು. ಪ್ರೀತಿಯಲ್ಲಿ ಬಿದ್ದವನಿಗೆ ಏನು ಬೇಕಾದರೂ ಅನ್ನಿಸುತ್ತದೆ ಬಿಡಿ.

ಚೀನಾದ ಶೆನ್ಯಾಂಗ್ ಊರಿನ ಆ ನೆಲಮಾಳಿಗೆಯ ಪಿಂಗ್‌ಪಾಂಗ್ ಹಾಲಿನ ಮೂಲೆಯಲ್ಲಿ ಹೈಬೋನ ಪುಟ್ಟ ಅಂಗಡಿ. ಹಲಗೆ ಬೇರೆ, ರಬ್ಬರ್ ಬೇರೆ. ಗಿರಾಕಿಯ ಆಟ ನೋಡಿ, ಎರಡನ್ನೂ ಆರಿಸಿ, ಅಂಟಿಸಿ ಬ್ಯಾಟು ಮಾಡಿಕೊಡುವುದು ಅವನ ಕೆಲಸ. ಆಟ ನೋಡದೆ ಯಾರಿಗೂ ಬ್ಯಾಟು ಕೊಟ್ಟವನಲ್ಲ. ಮೊದಲು ಅಂಗಡಿ ಮುಂದಿನ ಮೇಜಿನಲ್ಲಿ ಆಡಿಸುತ್ತಿದ್ದ, ಆಮೇಲೆ ಮುಖಕ್ಕೆ ಹೊಡೆದ ಹಾಗೆ ಹೇಳುತ್ತಿದ್ದ. "ಚಾಂಪಿಯನ್ನರ ಬ್ಯಾಟು ನಿಮಗ್ಯಾಕೆ ಚಿಕ್ಕಪ್ಪಾ? ನಿಮ್ಮ ಸೊಂಟವೇ ತಿರುಗಲ್ಲ." ಗಿರಾಕಿಗಳು ಬೈದುಕೊಂಡು ಹೋಗಿ, ವಾರ ಬಿಟ್ಟು ಹಲ್ಲು ಕಿರಿಯುತ್ತಾ ವಾಪಸ್ ಬರುತ್ತಿದ್ದರು.

ಆ ಹಾಲಿನಲ್ಲಿ ಯಾರ ಕೈಯಲ್ಲಿ ಯಾರು ಕೊಡಿಸಿದ ಬ್ಯಾಟಿದೆ ಅನ್ನುವುದು ದೊಡ್ಡ ಸುದ್ದಿ. ಮದುವೆಯಾಗದ ಹುಡುಗಿ, ಮದುವೆಯಾಗದ ಗಂಡಸು ಕೊಡಿಸಿದ ಬ್ಯಾಟು ಹಿಡಿದು ಕಾರ್ಖಾನೆಯ ಟೂರ್ನಮೆಂಟಿಗೆ ಇಳಿದಳೆಂದರೆ ಅರ್ಧ ನಿಶ್ಚಿತಾರ್ಥ ಮುಗಿಯಿತು ಅಂತಲೇ ಲೆಕ್ಕ. ಶಾವ್ ಸಾಹೇಬರು ಬೇರಿಂಗ್ ಕಾರ್ಖಾನೆಯಲ್ಲಿ ಯೀಲಾನಳ ಸೆಕ್ಷನ್ನಿನ ಮುಖ್ಯಸ್ಥರು, ಇನ್ನೂ ಮದುವೆಯಾಗದವರು. ನಗುಮುಖ, ದೊಡ್ಡ ಮನಸ್ಸು, ಯಾರಿಗೂ ಕೆಟ್ಟದ್ದು ಬಯಸಿದವರಲ್ಲ. ಕೆಟ್ಟವರಾಗಿದ್ದರೆ ಹೈಬೋಗೆ ಎಷ್ಟೋ ಸುಲಭವಾಗುತ್ತಿತ್ತು.

ಸಾಹೇಬರೇ ಗಾಜಿನ ಕಪಾಟಿನತ್ತ ಕೈ ತೋರಿಸಿದರು. ಒಳಗೆ ಕಾರ್ಬನ್ ಪದರ ಇಟ್ಟ ಹಲಗೆ, ರಾಷ್ಟ್ರೀಯ ತಂಡದವರು ಹಾಕಿಸುವಂಥ ಗಟ್ಟಿ, ಜಿಗುಟು ರಬ್ಬರ್.

"ಮಾಸ್ಟರ್, ಆಡಿಸಿ ನೋಡಲ್ವಾ?" ಯೀಲಾನ್ ಕೇಳಿದಳು. ಮಾಸ್ಟರ್ ಅನ್ನುವಾಗ ಅವಳ ತುಟಿಯ ಎಡತುದಿ ಸ್ವಲ್ಪ ಮೇಲೇಳುತ್ತಿತ್ತು. ಆ ಒಂದು ತುದಿಗಾಗಿ ಇವನು ಚಳಿಗಾಲ ಪೂರ್ತಿ ಸಂಜೆಯ ಊಟ ತಡ ಮಾಡಿಕೊಂಡಿದ್ದ.

"ನಿನ್ನ ಆಟ ದಿನಾ ನೋಡ್ತೀನಲ್ಲ," ಅಂದ.

"ಹಾಗಾದ್ರೆ ಹೇಳು. ಇದು ನನಗೆ ಹೊಂದುತ್ತಾ?"

ಹೊಂದುವುದಿಲ್ಲ. ಅವಳದು ಪುಟ್ಟ ಹೊಡೆತ, ಮೆತ್ತನೆಯ ಮಣಿಕಟ್ಟು. ಚೆಂಡನ್ನು ಬ್ಯಾಟಿಗೆ ತಾಗಿಸಿ, ಒಂದು ಕ್ಷಣ ಹಿಡಿದು, ಬೇಕಾದ ಕಡೆ ಕಳಿಸುವ ಅಪರೂಪದ ಕೈ. ಫೋರ್‌ಹ್ಯಾಂಡಿನಲ್ಲಿ ಸ್ಪಿನ್ ಕೊಡುವುದನ್ನು ಈಗಷ್ಟೇ ಕಲಿಯುತ್ತಿದ್ದಾಳೆ. ಅಂಥವಳಿಗೆ ಬೇಕಾದದ್ದು ಬರೀ ಮರದ ಹಲಗೆ, ಮೆತ್ತನೆಯ ಸ್ಪಂಜಿನ ರಬ್ಬರ್. ಈ ಕಾರ್ಬನ್ ಹಲಗೆ ಚೆಂಡನ್ನು ಹಿಡಿಯಲು ಬಿಡುವುದಿಲ್ಲ, ಒದ್ದು ಕಳಿಸುತ್ತದೆ. ಆ ಗಟ್ಟಿ ರಬ್ಬರು ಇಡೀ ಮೈ ತಿರುಗಿಸಿ ಬೀಸಿದರೆ ಮಾತ್ರ ಕೆಲಸ ಮಾಡುತ್ತದೆ, ಇಲ್ಲದಿದ್ದರೆ ಚೆಂಡು ನೆಟ್ಟಿಗೆ. ಇದೆಲ್ಲ ಅವನಿಗೆ ಕಣ್ಣುಮುಚ್ಚಿದರೂ ಗೊತ್ತು.

ಆದರೆ ಬೇಡ ಅಂದರೆ? ಬ್ಯಾಟು ಬೇಡ ಅಂದಂತಾಗುತ್ತದೋ, ಸಾಹೇಬರು ಬೇಡ ಅಂದಂತಾಗುತ್ತದೋ? ಹೇಳುತ್ತಿರುವುದು ತನ್ನ ವಿದ್ಯೆಯೋ, ಹೊಟ್ಟೆಕಿಚ್ಚೋ? ಜೀವನದಲ್ಲಿ ಮೊದಲ ಸಲ ಹೈಬೋಗೆ ತನ್ನ ಮಾತಿನ ಮೇಲೇ ನಂಬಿಕೆ ಬರಲಿಲ್ಲ.

"ಚೆನ್ನಾಗಿದೆ," ಅಂದ.

ಯೀಲಾನ್ ಇನ್ನೂ ಸ್ವಲ್ಪ ಹೊತ್ತು ಅವನನ್ನೇ ನೋಡಿದಳು. ಆಮೇಲೆ ಮಫ್ಲರನ್ನು ಮೂಗಿನವರೆಗೆ ಎಳೆದುಕೊಂಡು, "ಸರಿ ಹಾಗಾದ್ರೆ," ಅಂದಳು.

ಅವರಿಬ್ಬರೂ ಮೆಟ್ಟಿಲು ಹತ್ತಿದ ಮೇಲೆ, ಬೆಂಚಿನಲ್ಲಿ ಕೂತು ಸೂರ್ಯಕಾಂತಿ ಬೀಜ ಬಿಡಿಸುತ್ತಿದ್ದ ಜಿನ್ ದೊಡ್ಡಮ್ಮ ಬಾಯಿ ತೆಗೆದರು. ಅರವತ್ತು ದಾಟಿದ ಹೆಂಗಸು, ಆ ಹಾಲಿನ ಹುಡುಗರನ್ನೆಲ್ಲ ಸೋಲಿಸಿ ಅಳಿಸಿದವರು.

"ನಾಲಿಗೆಗೆ ಲಕ್ವ ಹೊಡೀತೇನೋ? ಆ ಹುಡುಗಿ ಕೈಗೆ ಆ ಹುಚ್ಚು ಕುದುರೆಯಂಥ ಬ್ಯಾಟು ಕೊಡ್ತೀಯಲ್ಲೋ!"

"ಅವರು ಕೇಳಿದ್ರು, ಕೊಡ್ತಿದ್ದೀನಿ."

"ಯಾರು ಕೇಳಿದ್ರೂ ಕೊಡೋನಾ ನೀನು? ಹೋದ ತಿಂಗಳು ನನ್ನ ಅಳಿಯನಿಗೇ 'ಗುಂಡಗಿದ್ದೀರಿ, ಹಗುರದ ಬ್ಯಾಟು ತಗೊಳ್ಳಿ' ಅಂದೆ."

"ದೊಡ್ಡಮ್ಮಾ, ನಾನು ಏನು ಹೇಳಿದ್ರೂ ಅದು ಬ್ಯಾಟಿನ ಮಾತಾಗ್ತಿರಲಿಲ್ಲ. ನಿಮಗೆ ಗೊತ್ತು."

ಅವರಿಗೆ ಗೊತ್ತಿತ್ತು. ಅದಕ್ಕೇ ಸುಮ್ಮನೆ ಸಿಪ್ಪೆ ಉಗಿದು ಇನ್ನೊಂದು ಬೀಜ ಬಾಯಿಗೆ ಹಾಕಿಕೊಂಡರು. ಹೈಬೋ ಹಲಗೆಗೆ ಬಿಳಿ ಅಂಟು ಸವರಿ, ಒಣಗುವವರೆಗೆ ಕಾದು, ರಬ್ಬರನ್ನು ಒಂದು ಗುಳ್ಳೆಯೂ ಇಲ್ಲದ ಹಾಗೆ ಉರುಳಿಸಿ ಕೂರಿಸಿದ. ಅಷ್ಟು ಚೆಂದದ ಕೆಲಸವನ್ನು ಅವನು ಅದುವರೆಗೆ ಮಾಡಿರಲಿಲ್ಲ.

ಆಮೇಲಿನ ದಿನಗಳ ಕಥೆ ಕೇಳಬೇಡಿ.

ಯೀಲಾನ್ ಹೊಡೆದ ಚೆಂಡು ಒಂದೋ ನೆಟ್ಟಿಗೆ, ಇಲ್ಲವೋ ಗೋಡೆಗೆ. ಮೊದಮೊದಲು ನಗುತ್ತಿದ್ದಳು. "ನೋಡು ಮಾಸ್ಟರ್, ಆ ಲೈಟಿಗೆ ಗುರಿಯಿಟ್ಟಿದ್ದೆ!" ಅನ್ನುತ್ತಿದ್ದಳು. ಕ್ರಮೇಣ ನಗು ಕಡಿಮೆಯಾಯಿತು. ಚೆಂಡು ಹೆಕ್ಕಲು ಬಗ್ಗಿದವಳು ಏಳುವುದಕ್ಕೆ ತಡ ಮಾಡತೊಡಗಿದಳು. ಬ್ಯಾಟಿಗೆ ತಕ್ಕ ಹಾಗೆ ಬೀಸಲು ಹೋಗಿ ಭುಜ ನೋಯಿಸಿಕೊಂಡಳು. ಚೆಂಡನ್ನು ಹಿಡಿದು ಕಳಿಸುವ ಆ ಮೆತ್ತನೆಯ ಕೈ ದಿನದಿಂದ ದಿನಕ್ಕೆ ಬಿಗಿಯಾಗುವುದನ್ನು ಹೈಬೋ ಮೇಜಿನ ಈಚೆಯಿಂದ ನೋಡುತ್ತಿದ್ದ.

"ಏನಾಯ್ತು ನನ್ನ ಕೈಗೆ?" ಒಂದು ಸಂಜೆ ಕೇಳಿದಳು.

"ಅಭ್ಯಾಸ ಆಗುತ್ತೆ," ಅಂದ.

ಅಭ್ಯಾಸವಾಗುವುದಿಲ್ಲ ಅಂತ ಗೊತ್ತಿದ್ದೂ ಅಂದ. ಇಂಥವನಿಗೆ ಏನು ಹೇಳೋಣ, ಬೈಯಬೇಕೋ, ಪಾಪ ಅನ್ನಬೇಕೋ!

ಟೂರ್ನಮೆಂಟಿಗೆ ಹದಿನೈದು ದಿನವಿದೆ ಅನ್ನುವಾಗ ಅವಳು ಆಟದ ನಡುವೆ ಬ್ಯಾಟನ್ನು ಮೇಜಿನ ಮೇಲೆ ಕವುಚಿಟ್ಟಳು.

"ಸಾಕು. ನನ್ನ ಹೆಸರು ತೆಗೆಸ್ತೀನಿ."

"ಯಾಕೆ?"

"ಇಂಥ ಬ್ಯಾಟು ಕೊಟ್ರೂ ಆಡೋಕೆ ಬರ್ತಿಲ್ಲ ಅಂದ್ರೆ ತಪ್ಪು ನನ್ನದೇ ತಾನೆ? ಸೆಕ್ಷನ್ನಿನಲ್ಲಿ ಎಲ್ಲರೂ ಅದನ್ನೇ ಅಂತಾರೆ. ಸಾಹೇಬರು ಮಾತ್ರ ಪಾಪ, ಪರವಾಗಿಲ್ಲ ಅಂತಾರೆ. ಈ ಭಾನುವಾರ ಅವರಮ್ಮ ಡಂಪ್ಲಿಂಗ್ ಮಾಡ್ತಾರಂತೆ, ಊಟಕ್ಕೆ ಕರೆದಿದ್ದಾರೆ. ಹೋಗು ಅಂತ ನಮ್ಮಮ್ಮ." ಟವೆಲ್ಲನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. "ನನಗೂ ಸುಸ್ತಾಗಿದೆ, ಹೈಬೋ. ಯಾವುದಕ್ಕೂ ಇಲ್ಲ ಅನ್ನೋಕೆ ಶಕ್ತಿ ಇಲ್ಲ."

ಅವಳ ದನಿಯಲ್ಲಿ ಅಳು ಇರಲಿಲ್ಲ. ಅದನ್ನೇ ಅವನಿಂದ ತಡೆಯಲಾಗಲಿಲ್ಲ.

"ನಿನ್ನ ಕೈ ಸರಿಯಾಗಿದೆ," ಅಂದುಬಿಟ್ಟ. "ಬ್ಯಾಟು ತಪ್ಪು. ಮೊದಲ ದಿನದಿಂದಲೇ ತಪ್ಪು. ಇದು ನಿನ್ನಂಥ ಆಟದವಳಿಗೆ ಮಾಡಿದ್ದೇ ಅಲ್ಲ."

ಯೀಲಾನ್ ಟವೆಲ್ ಸುತ್ತುವುದನ್ನು ನಿಲ್ಲಿಸಿದಳು. "ಮೊದಲ ದಿನದಿಂದ ಗೊತ್ತಿತ್ತಾ?"

"ಹೂಂ."

"ನಾನು ಕೇಳಿದೆ. ಎದುರಿಗೆ ನಿಂತು ಕೇಳಿದೆ!"

"ಅವರು ಕೊಡಿಸ್ತಿದ್ರು. ನಾನು ಬೇಡ ಅಂದಿದ್ರೆ..." ಕವುಚಿಟ್ಟ ಬ್ಯಾಟನ್ನು ಮಗುಚಿಟ್ಟ. "ಬೇಡ ಅನ್ನೋಕೆ ನನಗೆ ಎಷ್ಟು ಆಸೆಯಿತ್ತು ಅಂದ್ರೆ, ಆ ಆಸೆ ನೋಡಿ ನನಗೇ ಹೆದರಿಕೆಯಾಯ್ತು. ನೀನು ಅಂದ್ರೆ ನನಗಿಷ್ಟ, ಯೀಲಾನ್. ನಿನ್ನ ವಿಷಯದಲ್ಲಿ ಯಾವುದು ನಿಜ, ಯಾವುದು ನನ್ನ ಸ್ವಾರ್ಥ ಅಂತ ಗೊತ್ತೇ ಆಗಲ್ಲ. ಏನು ಮಾಡ್ಲಿ?"

ಇಂಥ ಮಾತಿಗೆ ಹುಡುಗಿ ನಾಚಬೇಕು, ಕಣ್ಣು ತಗ್ಗಿಸಬೇಕು. ಆದರೆ ಯೀಲಾನಳ ಕಣ್ಣಲ್ಲಿ ಬೆಂಕಿಯಿತ್ತು.

"ಏನು ಮಾಡ್ಲಿ ಅಂತೆ! ರಾತ್ರಿಯೆಲ್ಲ ನನ್ನ ಕೈ ನೋಡ್ಕೊಂಡು ಅತ್ತಿದ್ದೀನಿ ಕಣೋ. ನನ್ನಿಂದ ಏನೂ ಆಗಲ್ಲ ಅಂತ ತೀರ್ಮಾನ ಮಾಡ್ಕೊಂಡಿದ್ದೆ. ನೀನು ದಿನಾ ಎದುರಿಗೆ ನಿಂತು ನೋಡ್ತಾ ಇದ್ದೆ. ನಿನ್ನ ಮನಸ್ಸು ಶುದ್ಧವಾಗಿರಲಿ ಅಂತ ನನ್ನ ಕೈ ಹಾಳು ಮಾಡಿದ್ಯಾ?"

ಅವಳು ಬ್ಯಾಟು ಎತ್ತಿಕೊಂಡು, ಕೋಟಿನ ಗುಂಡಿ ಹಾಕದೆ, ದಡದಡ ಮೆಟ್ಟಿಲು ಹತ್ತಿ ಹೋದಳು.

ಭಾನುವಾರ ಬಂತು. ಹೈಬೋ ಬೆಳಿಗ್ಗೆಯಿಂದ ಒಂದೇ ಹಲಗೆಯನ್ನು ಉಜ್ಜುತ್ತಾ ಕೂತ. ಈಗ ಅವರಮ್ಮ ಹಿಟ್ಟು ಕಲಸುತ್ತಿರಬಹುದು, ಈಗ ಡಂಪ್ಲಿಂಗ್ ಬೇಯುತ್ತಿರಬಹುದು, ಈಗ ಸಾಹೇಬರು ಅವಳ ತಟ್ಟೆಗೆ ವಿನೆಗರ್ ಸುರಿಯುತ್ತಿರಬಹುದು. ಮಧ್ಯಾಹ್ನವಾಗುವಷ್ಟರಲ್ಲಿ ಅವರಿಬ್ಬರಿಗೂ ಮನಸ್ಸಿನಲ್ಲೇ ಮದುವೆ ಮಾಡಿಸಿ, ತಾನೂ ಉಡುಗೊರೆ ಕೊಟ್ಟು ಬಂದಿದ್ದ.

"ಹಲಗೆ ಪೇಪರ್ ಆಗೋವರೆಗೂ ಉಜ್ತೀಯಾ?"

ಕೌಂಟರಿನ ಆಚೆ ಯೀಲಾನ್. ಮೂಗು ಕೆಂಪು, ಕೈ ಖಾಲಿ.

"ಊಟಕ್ಕೆ..."

"ಹೋಗಲಿಲ್ಲ. ನಿನ್ನೆ ಸಾಹೇಬರಿಗೆ ಬ್ಯಾಟು ವಾಪಸ್ ಕೊಟ್ಟೆ. ಹೈಬೋ ಹೇಳಿದನಾ ಅಂತ ಕೇಳಿದ್ರು. ಇಲ್ಲ ಸರ್, ಇದು ನನ್ನ ಮಾತು ಅಂದೆ. ಒಳ್ಳೆಯವರು. ಬ್ಯಾಟು ಚೀಲಕ್ಕೆ ಹಾಕ್ಕೊಂಡು, ಭುಜಕ್ಕೆ ಔಷಧಿ ಹಚ್ಕೋ ಅಂದ್ರು." ಮಫ್ಲರ್ ಬಿಚ್ಚಿ ಕೌಂಟರಿನ ಮೇಲೆ ಹಾಕಿದಳು. "ನಿನ್ನ ಮೇಲಿನ ಸಿಟ್ಟು ಹೋಗಿಲ್ಲ. ಅದು ಹಾಗೇ ಇದೆ. ಈಗ ನನಗೆ ಬ್ಯಾಟು ಬೇಕು, ನನ್ನ ದುಡ್ಡಿಗೆ. ಆಡಿಸಿ ನೋಡು."

ಆಡಿಸಿದ. ಒಂದು ಹಲಗೆ ಕೊಟ್ಟ, ಕಿತ್ತುಕೊಂಡ, ಇನ್ನೊಂದು ಕೊಟ್ಟ. ಹಿಡಿಯ ಮೇಲೆ ಅವಳ ಬೆರಳು ಎಲ್ಲಿ ಕೂರುತ್ತದೆ ಅಂತ ಬಗ್ಗಿ ನೋಡಿದ. ತನ್ನ ಬೆರಳಿಂದ ಅವಳ ತೋರುಬೆರಳನ್ನು ಒಂದಿಷ್ಟು ಕೆಳಗೆ ಸರಿಸಿದ. ಅವಳು ಉಸಿರು ಬಿಗಿಹಿಡಿದದ್ದು ಅವನಿಗೆ ಕೇಳಿಸಿತು. ಅವನದೂ ಅವಳಿಗೆ ಕೇಳಿಸಿರಬೇಕು. ಇಬ್ಬರೂ ಬ್ಯಾಟನ್ನೇ ನೋಡುತ್ತಿದ್ದರು.

ಬರೀ ಮರದ, ಹಗುರದ ಒಂದು ಹಲಗೆ, ಎರಡೂ ಕಡೆ ಮೆತ್ತನೆಯ ಸ್ಪಂಜು. ನೋಡಲು ಏನೂ ಇಲ್ಲ. ಅದರಲ್ಲಿ ಅವಳು ತಡೆದ ಮೊದಲ ಚೆಂಡು ಮೇಜಿನ ಅಂಚಿಗೆ ಹೋಗಿ ಮೆಲ್ಲಗೆ ಕೂತಿತು.

"ಅಯ್ಯೋ," ಅಂದಳು ಯೀಲಾನ್, ತನ್ನ ಕೈಯನ್ನೇ ನೋಡಿಕೊಂಡು. ಕಣ್ಣು ತುಂಬಿ ಬಂತು. "ನನ್ನ ಹಳೇ ಕೈ ಇದೆಯಲ್ಲೋ ಇನ್ನೂ!"

"ಇದೆ," ಅಂದ. ಅವನ ಕಣ್ಣೂ ಒದ್ದೆಯಾಗಿತ್ತು.

"ಒಂದು ಮಾತು ಕೊಡು. ಇನ್ನು ಮೇಲೆ ಯಾವ ಕಾರಣಕ್ಕೂ ನನಗೆ ಸುಳ್ಳು ಹೇಳಬೇಡ. ನನ್ನ ಒಳ್ಳೇದಕ್ಕಾದ್ರೂ ಬೇಡ, ನಿನ್ನ ಒಳ್ಳೇತನಕ್ಕಾದ್ರೂ ಬೇಡ."

"ಸರಿ. ಹಾಗಾದ್ರೆ ಕೇಳು, ಟೂರ್ನಮೆಂಟಲ್ಲಿ ನೀನು ಸೋಲ್ತೀಯ. ಬಿಗಿಯಾದ ಕೈ ಬಿಚ್ಕೊಳ್ಳೋಕೆ ತಿಂಗಳುಗಳು ಬೇಕು."

"ಥೂ ನಿನ್ನ!" ಅಂದಳು. ತುಟಿಯ ಎಡತುದಿ ಮಾತ್ರ ಮೇಲೆದ್ದಿತ್ತು. "ಆದ್ರೂ ಆಡ್ತೀನಿ."

ಸೋತಳು. ಮೊದಲ ಸುತ್ತಿನಲ್ಲೇ, ಎಲ್ಲರ ಮುಂದೆ, ಪ್ಯಾಕಿಂಗ್ ಸೆಕ್ಷನ್ನಿನ ಒಬ್ಬ ಗಟ್ಟಿಗಿತ್ತಿಗೆ. ಅಂಥ ಒಳ್ಳೆ ಬ್ಯಾಟು ವಾಪಸ್ ಕೊಟ್ಟಳಂತೆ, ಅನುಭವಿಸಲಿ ಅಂತ ಯಾರೋ ಹಿಂದಿನ ಸಾಲಿನಿಂದ ಅಂದದ್ದು ಹೈಬೋಗೂ ಕೇಳಿಸಿತು. ಅವನು ಏನೂ ಮಾಡಲಾರದೆ ಕೂತಿದ್ದ. ಪಾಯಿಂಟು ಹೋದಾಗಲೆಲ್ಲ ಅವನ ಕೈ ತನ್ನಷ್ಟಕ್ಕೇ ಮಂಡಿಯನ್ನು ಹಿಂಡುತ್ತಿತ್ತು.

ಎದುರಾಳಿಯ ಕೈ ಕುಲುಕಿ, ಯೀಲಾನ್ ಸೀದಾ ಬಂದು ಅವನ ಪಕ್ಕದ ಕುರ್ಚಿಯಲ್ಲಿ ಕೂತಳು. ಟವೆಲ್ಲಿನಿಂದ ಮುಖ ಮುಚ್ಚಿಕೊಂಡಳು. ಅತ್ತ ಕಡೆಯಿಂದ ನೀರಿನ ಬಾಟಲಿ ಹಿಡಿದು ಬರುತ್ತಿದ್ದ ಶಾವ್ ಸಾಹೇಬರು ಇವರಿಬ್ಬರನ್ನು ನೋಡಿ ಅರ್ಧದಲ್ಲೇ ನಿಂತರು. ಆಮೇಲೆ ಬಾಟಲಿಯನ್ನು ಜಿನ್ ದೊಡ್ಡಮ್ಮನ ಕೈಗೆ ಕೊಟ್ಟು, ಏನೂ ಆಗದವರ ಹಾಗೆ ಸ್ಕೋರ್‌ಬೋರ್ಡಿನತ್ತ ನಡೆದರು.

"ಹೇಗೆ ಆಡಿದೆ?" ಟವೆಲ್ಲಿನೊಳಗಿಂದ ಕೇಳಿದಳು.

"ಕೆಟ್ಟದಾಗಿ. ಕಾಲೇ ಆಡಲಿಲ್ಲ. ಸರ್ವೀಸಂತೂ ನೋಡೋ ಹಾಗಿರಲಿಲ್ಲ."

ಟವೆಲ್ಲಿನೊಳಗೆ ಅಳುವಿನ ನಡುವೆ ಒಂದು ನಗು ಸಿಕ್ಕಿಕೊಂಡಿತು. "ಆಮೇಲೆ?"

"ಆಮೇಲಿನದು ಗೊತ್ತಿಲ್ಲ. ನಾನು ಚೆಂಡು ನೋಡಲೇ ಇಲ್ಲ, ನಿನ್ನನ್ನೇ ನೋಡ್ತಿದ್ದೆ. ಇನ್ನು ಸುಮ್ಮನಿರೋಕೆ ನನ್ನ ಕೈಲಿ ಆಗ್ತಿಲ್ಲ, ಯೀಲಾನ್. ನಿನ್ನ ಸಿಟ್ಟು ಹೋಗೋವರೆಗೂ ಕಾಯ್ತೀನಿ. ಹೋಗದಿದ್ರೂ ಕಾಯ್ತೀನಿ. ಇದರಲ್ಲಿ ಸ್ವಾರ್ಥ ಇದೆ, ಪೂರ್ತಿ ಸ್ವಾರ್ಥವೇ. ಆದ್ರೂ ನಿಜ."

ಯೀಲಾನ್ ಟವೆಲ್ ಇಳಿಸಿದಳು. ಕಣ್ಣು ಊದಿ, ಮುಖ ಕೆಂಪಾಗಿ, ಕೂದಲು ಹಣೆಗೆ ಅಂಟಿತ್ತು. ಸುತ್ತ ಇಡೀ ಕಾರ್ಖಾನೆಯೇ ಕತ್ತು ತಿರುಗಿಸಿ ನೋಡುತ್ತಿತ್ತು.

"ಇದನ್ನ ಇಷ್ಟು ಜನರ ಮುಂದೆ ಹೇಳಬೇಕಿತ್ತಾ?"

"ಬೇರೆ ಕಡೆ ಧೈರ್ಯ ಬರ್ತಿರಲಿಲ್ಲ."

ಅವಳು ಮೂಗು ಒರೆಸಿಕೊಂಡು, ಅವನ ಮಂಡಿಯನ್ನು ಇನ್ನೂ ಹಿಂಡುತ್ತಿದ್ದ ಆ ಕೈಯನ್ನು ಬಿಡಿಸಿ ತನ್ನ ಎರಡೂ ಕೈಯೊಳಗೆ ಇಟ್ಟುಕೊಂಡಳು.

"ಸಿಟ್ಟು ಹೋಗಿಲ್ಲ," ಅಂದಳು. "ನೀನು ಎದ್ದು ಹೋಗಬೇಡ."